ನಾನೇ ಕಡೆದ ಗುಂಡು

ಇಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿ ನಾನು ನಾಲ್ಕು ಕಿಲೋ ತೂಕದ ಒಂದು ಕಬ್ಬಿಣದ ಗುಂಡು ಮಾಡಿದೆ. ಮುಂಬಯಿಯಲ್ಲಿ ಗುಂಡು ಎಸೆಯುವ ಹುಡುಗಿಯರು ಬೇಕಾದಷ್ಟು ಇದ್ದಾರೆ. ಲೋಹ ಕಡೆಯುವ ಲೇಥ್ ಯಂತ್ರ ಓಡಿಸುವ ಹುಡುಗಿಯರೂ ಹುಡುಕಿದರೆ ಸಿಗುತ್ತಾರೆ. ಆದರೆ ತಾನು ಎಸೆಯುವ ಗುಂಡನ್ನು ತಾನೇ ಲೇಥಿನಲ್ಲಿ ಕಡೆದುಕೊಂಡವಳು ನಾನೊಬ್ಬಳೇ ಎಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಇಲ್ಲ ಎನ್ನುವವರು ಇನ್ನೊಬ್ಬಳನ್ನು ಕರೆತಂದು ತೋರಿಸಲಿ.

ನನ್ನ ಬ್ರಾಂಚು ಮ್ಯಾನುಫ್ಯಾಕ್ಚರಿಂಗ್. ಇಡೀ ತರಗತಿಯಲ್ಲಿ ನಾವು ಐದೇ ಹುಡುಗಿಯರು. ಬೆಳಿಗ್ಗೆ ಆರಕ್ಕೆ ಮೈದಾನ, ಒಂಬತ್ತಕ್ಕೆ ಲೆಕ್ಚರು, ಮಧ್ಯಾಹ್ನ ವರ್ಕ್‌ಶಾಪು, ಸಂಜೆ ಮತ್ತೆ ಮೈದಾನ. ಥರ್ಮೋಡೈನಮಿಕ್ಸ್ ತರಗತಿಯಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಎರಡನೆಯ ವರ್ಷಕ್ಕೇ ಕಲಿತುಬಿಟ್ಟಿದ್ದೆ. ಹಾಜರಿ ಕಡಿಮೆಯಾದವರ ಡಿಫಾಲ್ಟರ್ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗಲೆಲ್ಲ ಅದರಲ್ಲಿ ನನ್ನ ಹೆಸರು ಇರುತ್ತಿತ್ತು. ಆಟವೋ ಓದೋ, ಒಂದನ್ನು ಆರಿಸಿಕೋ ಎಂದು ವಿಭಾಗದ ಮುಖ್ಯಸ್ಥರು ಪ್ರತಿ ಸೆಮಿಸ್ಟರಿನಲ್ಲೂ ಕರೆದು ಹೇಳುತ್ತಿದ್ದರು. ನಾನು ತಲೆಯಾಡಿಸಿ ಹೊರಗೆ ಬಂದು ಎರಡನ್ನೂ ಮಾಡುತ್ತಿದ್ದೆ. ಒಂದೇ ಒಂದು ವಿಷಯದಲ್ಲಿ ಫೇಲಾಗಿದ್ದೆ, ಅದನ್ನೂ ಮುಂದಿನ ಸಲ ಪಾಸು ಮಾಡಿಕೊಂಡೆ.

ಸಿಗದೆ ಉಳಿದದ್ದು ಒಂದೇ, ವಿಶ್ವವಿದ್ಯಾಲಯದ ತಂಡದ ಜೆರ್ಸಿ. ಅಂತರ ಕಾಲೇಜು ಕೂಟದಲ್ಲಿ ಮೊದಲ ಇಬ್ಬರಿಗೆ ಮಾತ್ರ ತಂಡದಲ್ಲಿ ಜಾಗ. ನಾನು ಮೊದಲ ವರ್ಷ ಏಳನೆಯವಳು, ಆಮೇಲೆ ನಾಲ್ಕನೆಯವಳು, ಆಮೇಲೆ ಮೂರನೆಯವಳು. ಉಳಿದದ್ದು ಒಂದೇ ಕೂಟ. ಅದು ಕೈತಪ್ಪಿದರೆ ಜೆರ್ಸಿ ಇನ್ನೆಂದೂ ಸಿಗುವಂತಿರಲಿಲ್ಲ.

ನನ್ನ ತೋಳಿನಲ್ಲಿ ಬಲ ಇತ್ತು. ತೊಂದರೆ ಇದ್ದದ್ದು ಅಂಗೈಯಲ್ಲಿ. ಮೈಕಟ್ಟು ಅಜ್ಜನದು, ಸಣ್ಣ ಕೈ ಮಾತ್ರ ಅಮ್ಮನದು ಎಂದು ಅಪ್ಪ ಹೇಳುತ್ತಿದ್ದರು, ಅದು ನಿಜ. ಕಾಲೇಜಿನ ಗುಂಡು ಹಳೆಯದು, ಬಣ್ಣದ ಮೇಲೆ ಬಣ್ಣ ಬಳಿದು ದಪ್ಪಗಾಗಿತ್ತು, ನನ್ನ ಬೆರಳುಗಳ ಮೇಲೆ ಕೂರುತ್ತಲೇ ಇರಲಿಲ್ಲ. ಹುಡುಗಿಯರ ಗುಂಡು ನಾಲ್ಕು ಕಿಲೋಗಿಂತ ಒಂದು ಗ್ರಾಮೂ ಕಡಿಮೆ ಇರಬಾರದು. ಗಾತ್ರ ಮಾತ್ರ ತೊಂಬತ್ತೈದು ಮಿಲಿಮೀಟರಿನಿಂದ ನೂರಹತ್ತರವರೆಗೆ ಎಷ್ಟಾದರೂ ಇರಬಹುದು. ಒಂದು ಸಂಜೆ ಲ್ಯಾಬ್ ಜರ್ನಲ್ ಬರೆಯುವುದು ಬಿಟ್ಟು ಲೆಕ್ಕ ಹಾಕಿದೆ. ಗಟ್ಟಿ ಉಕ್ಕಿನಲ್ಲಿ ಮಾಡಿದರೆ ತೊಂಬತ್ತೊಂಬತ್ತರ ಆಸುಪಾಸಿನಲ್ಲಿ ನಾಲ್ಕು ಕಿಲೋ ಕೂಡಿಬರುತ್ತದೆ. ಕಾಲೇಜಿನ ಗುಂಡಿಗಿಂತ ಹತ್ತು ಮಿಲಿಮೀಟರ್ ಸಣ್ಣದು. ಅವತ್ತು ನನಗೆ ನಿದ್ದೆ ಬರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ನಾನು ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದೆ. ಇಲ್ಲಿ ಇಂಥ ಜಾಗಕ್ಕೆ ಗಾಳಾ ಎನ್ನುತ್ತಾರೆ. ಒಂದು ಕೋಣೆ, ಮೂರು ಲೇಥು, ಒಂದು ಡ್ರಿಲ್ಲು, ಕಿವುಡಾಗುವಷ್ಟು ಸದ್ದು. ಅಲ್ಲಿ ಲೇಥ್ ನಡೆಸುವ ಹಿರಿಯ ಟರ್ನರ್ ವಿಜಯಪುರದ ಕಡೆಯವರು. ನಾನು ಉಡುಪಿ ಹೋಟೆಲಿನ ಕ್ಯಾಶಿಯರ್ ಮಗಳು, ಕನ್ನಡ ಬರುತ್ತದೆ ಎಂದು ಗೊತ್ತಾದ ದಿನವೇ ಅವರು ನನ್ನನ್ನು ಬೇಟಿ ಎಂದರು. ನಾನು ಅವರನ್ನು ಚಾಚಾ ಎಂದೆ. ನನ್ನ ಕನ್ನಡ ಕೇಳಿ ಅವರಿಗೆ ನಗು, ಅವರ ಕನ್ನಡ ಅರ್ಥವಾಗಲು ನನಗೆ ಒಂದು ವಾರ.

ಗುಂಡಿನ ವಿಷಯ ಹೇಳಿದಾಗ ಅವರು ಮೂಲೆಯಲ್ಲಿದ್ದ ದಪ್ಪ ಉಕ್ಕಿನ ಸರಳಿನ ಒಂದು ತುಂಡನ್ನು ಕಾಲಿನಿಂದ ಉರುಳಿಸಿ ತೋರಿಸಿದರು.

"ಇದರಾಗ ಆಗ್ತದ. ಆದ್ರ ನಾ ಮಾಡಿಕೊಡಂಗಿಲ್ಲ ಬೇಟಿ. ನೀ ಮಾಡು, ನಾ ನಿಂತು ಬೈತೀನಿ."

ಹಾಗೇ ಆಯಿತು. ಕಡೆಯುವ ಟೂಲನ್ನು ಕಮಾನಿನ ಹಾಗೆ ತಿರುಗಿಸುವ ಒಂದು ಜೋಡಣೆ ಅವರ ಹತ್ತಿರ ಇತ್ತು. ಅದನ್ನು ಕೂರಿಸಿ, ಅರ್ಧ ಗುಂಡು ಒಂದು ದಿನ, ಇನ್ನರ್ಧ ಮರುದಿನ ಕಡೆದೆ. ಚೆನ್ನಾಗಿಯೇ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನನ್ನ ಕೈ ಸುಮ್ಮನಿರಲಿಲ್ಲ. ಚಾಚಾ ನಮಾಜಿಗೆ ಹೋದ ಹೊತ್ತಿನಲ್ಲಿ ಪಾಲಿಶ್ ಪೇಪರ್ ಹಿಡಿದು ಉಜ್ಜಿದೆ, ಮುಖ ಕಾಣುವವರೆಗೆ ಉಜ್ಜಿದೆ. ಸಂಜೆ ಹೋಟೆಲಿನ ಅಡುಗೆಮನೆಗೆ ಒಯ್ದು ತಕ್ಕಡಿಯ ಮೇಲಿಟ್ಟೆ.

"ಎಂತ ಮಾರಾಯ್ತಿ, ಕಾಯಿ ತೂಗುವಲ್ಲಿ ಕಬ್ಬಿಣ ಇಡುವುದಾ?" ಎಂದು ಅಪ್ಪ ಗೊಣಗಿದರು.

ತಕ್ಕಡಿ ಮೂರು ಸಾವಿರದ ಒಂಬೈನೂರ ತೊಂಬತ್ತನಾಲ್ಕು ಗ್ರಾಂ ತೋರಿಸಿತು. ಆರು ಗ್ರಾಂ ಕಡಿಮೆ. ಆರು ಗ್ರಾಂ ಎಂದರೆ ಗುಂಡಿನ ಮೈಮೇಲೆ ಒಂದು ಕೂದಲೆಳೆಯಷ್ಟೂ ದಪ್ಪವಲ್ಲ. ಆ ಕೂದಲೆಳೆ ನನ್ನ ಅವಸರದಲ್ಲಿ ಹೋಗಿತ್ತು. ನಾಲ್ಕು ವರ್ಷ ಟಾಲರೆನ್ಸ್, ಅಂದರೆ ಅಳತೆ ಎಷ್ಟು ತಪ್ಪಬಹುದು ಎನ್ನುವುದರ ಬಗ್ಗೆ ಪರೀಕ್ಷೆ ಬರೆದವಳು ಮಾಡುವ ತಪ್ಪೇ ಇದು? ಮರುದಿನ ಚಾಚಾ ಗುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಭಾಳ ಚಂದ ಆಗೇದ. ಮನಿಯಾಗ ಇಡು, ಶೋಕೇಸಿನಾಗ. ತಗದದ್ದು ತಿರಗಿ ಹಚ್ಚಾಕ ಬರಂಗಿಲ್ಲ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎರಡನೆಯ ಗುಂಡಿಗೆ ಹೊಸ ತುಂಡು ಹಾಕಿದೆ, ಪ್ರತಿ ಸುತ್ತಿಗೂ ವರ್ನಿಯರ್ ಹಿಡಿದು ಅಳೆದೆ, ಪಾಲಿಶ್ ಪೇಪರ್ ಮುಟ್ಟಲಿಲ್ಲ. ಟೂಲು ಬಿಟ್ಟುಹೋದ ಸಣ್ಣ ಗೆರೆಗಳು ಹಾಗೇ ಇದ್ದವು, ಬೆರಳಿಗೆ ಹಿಡಿತ ಕೊಡುತ್ತಿದ್ದವು. ತೂಕ ನಾಲ್ಕು ಸಾವಿರದ ಎಂಟು. ಮೊದಲ ಸಲ ಕತ್ತಿನ ಪಕ್ಕಕ್ಕೆ ಇಟ್ಟುಕೊಂಡಾಗ ಇದು ನನ್ನದು ಎನಿಸಿತು. ಒಂದು ತಿಂಗಳಲ್ಲಿ ನನ್ನ ಎಸೆತ ಅರ್ಧ ಮೀಟರ್ ಮುಂದೆ ಹೋಯಿತು.

ಕೂಟ ನಡೆದದ್ದು ಸಾಂತಾಕ್ರೂಜ್ ಕಡೆಯ ಒಂದು ಮೈದಾನದಲ್ಲಿ. ಪ್ರತಿ ಐದು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಇಳಿಯುವಾಗ ತೀರ್ಪುಗಾರರು ಕೂಗಿದ್ದು ಯಾರಿಗೂ ಕೇಳುತ್ತಿರಲಿಲ್ಲ. ಚಾಚಾ ಅರ್ಧ ದಿನ ರಜೆ ಹಾಕಿ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ನಾನು ಆಶ್ಚರ್ಯಪಟ್ಟೆ.

"ಮೂವತ್ತ ವರ್ಷ ಆತು ಲೇಥಿನ ಮ್ಯಾಲ. ಮಾಲು ಟೆಂಪೋದಾಗ ಹಾಕ್ತಾರ, ಹೋಗ್ತದ. ಎಲ್ಲಿ ಹೋತು, ಯಾವ ಮಷಿನ್ನಿಗೆ ಕೂತಿತು, ಒಂದೂ ನೋಡಿಲ್ಲ. ಇದನ್ನರ ನೋಡೂಣು ಅಂತ ಬಂದೆ" ಎಂದರು.

ನನ್ನ ಗುಂಡನ್ನು ಅಧಿಕಾರಿಗಳು ತೂಗಿ, ಅಳೆದು, ಒಂದು ಸ್ಟಿಕರ್ ಅಂಟಿಸಿ, ಉಳಿದ ಗುಂಡುಗಳ ಜೊತೆ ಸ್ಟ್ಯಾಂಡಿನಲ್ಲಿಟ್ಟರು. ಹಾಗೆ ಇಟ್ಟ ಮೇಲೆ ಅದನ್ನು ಯಾವ ಸ್ಪರ್ಧಿ ಬೇಕಾದರೂ ಎಸೆಯಬಹುದು, ನಿಯಮ ಹಾಗಿದೆ. ಆದರೆ ನಮ್ಮ ಮೈದಾನಗಳಲ್ಲಿ ನಡೆದುಬಂದ ಪದ್ಧತಿ ಬೇರೆ. ಇನ್ನೊಬ್ಬಳು ಮನೆಯಿಂದ ತಂದದ್ದನ್ನು ಕೇಳದೆ ಯಾರೂ ಮುಟ್ಟುವುದಿಲ್ಲ. ಬೇಡ ಎಂದರೆ ಮತ್ತೆ ಕೇಳುವುದಿಲ್ಲ.

ಐದು ಸುತ್ತು ಮುಗಿದಾಗ ನಾನು ಎರಡನೆಯ ಸ್ಥಾನದಲ್ಲಿದ್ದೆ, ಹನ್ನೊಂದು ಮೀಟರ್ ಎರಡು ಸೆಂಟಿಮೀಟರ್. ಮೊದಲನೆಯವಳು ತೀರಾ ಮುಂದೆ, ಅವಳ ತಂಟೆಗೆ ಹೋಗುವ ಹಾಗಿರಲಿಲ್ಲ. ಮೂರನೆಯವಳು ಯಾವುದೋ ಬೇರೆ ಕಾಲೇಜಿನ ಮೊದಲ ವರ್ಷದ ಹುಡುಗಿ, ನನಗಿಂತ ಮೂವತ್ತು ಸೆಂಟಿಮೀಟರ್ ಹಿಂದೆ. ಕೊನೆಯ ಸುತ್ತಿನಲ್ಲಿ ಮೊದಲು ಅವಳ ಸರದಿ, ಆಮೇಲೆ ನನ್ನದು. ಅವಳು ಸೀದಾ ನನ್ನ ಹತ್ತಿರ ಬಂದಳು. ನೋಡಿದರೆ ಅವಳ ಕೈಯೂ ನನ್ನದರಷ್ಟೇ ಸಣ್ಣದು.

"ದೀದಿ, ಆಪ್ ಕಾ ಗೋಲಾ ಲೂಂ?"

ನನ್ನ ಗುಂಡು ತೆಗೆದುಕೊಳ್ಳಲೇ ಎಂದು ಕೇಳುತ್ತಿದ್ದಳು. ಬೇಡ ಎಂದಿದ್ದರೆ ಅವಳು ಹೊರಟುಹೋಗುತ್ತಿದ್ದಳು. ನಾನು ಕೊಟ್ಟೆ. ದೊಡ್ಡ ಮನಸ್ಸಿನಿಂದ ಕೊಟ್ಟೆ ಎಂದು ನಮ್ಮ ಕಾಲೇಜಿನ ಕೋಚ್ ಆಮೇಲೆ ಎಲ್ಲರಿಗೂ ಹೇಳಿದರು, ಅದು ಸುಳ್ಳು. ನಾನು ಕೊಟ್ಟದ್ದು ಸೊಕ್ಕಿನಿಂದ. ಮೂವತ್ತು ಸೆಂಟಿಮೀಟರ್ ದಾಟುವುದು ಇವಳ ಕೈಯಲ್ಲಿ ಎಲ್ಲಿ ಆಗುತ್ತದೆ ಎಂದುಕೊಂಡೆ. ಜೊತೆಗೆ, ಇಡೀ ಮೈದಾನದಲ್ಲಿ ನನ್ನ ಗುಂಡು ಬೇಕು ಎಂದವಳು ಅವಳೊಬ್ಬಳೇ. ಅದು ನನಗೆ ಹಿತವಾಗಿತ್ತು.

ಅವಳು ವೃತ್ತದೊಳಗೆ ಹೋಗಿ, ಗುಂಡನ್ನು ಕತ್ತಿಗೆ ಒತ್ತಿ, ಒಂದು ಸಲ ಕಣ್ಣು ಮುಚ್ಚಿ ತೆರೆದು, ಎಸೆದಳು. ಅದು ನನ್ನ ಗುರುತನ್ನು ದಾಟಿ ಬಿತ್ತು. ಹನ್ನೊಂದು ಮೀಟರ್ ಒಂಬತ್ತು ಸೆಂಟಿಮೀಟರ್. ಬೇಲಿಯ ಹತ್ತಿರ ಯಾರೋ ಜೋರಾಗಿ ಚಪ್ಪಾಳೆ ತಟ್ಟುತ್ತ "ಶಾಬಾಶ್, ಶಾಬಾಶ್" ಎಂದು ಕೂಗುತ್ತಿದ್ದರು. ತಿರುಗಿ ನೋಡಿದರೆ ಚಾಚಾ.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಸರದಿಗೆ ಇನ್ನೂ ಒಂದು ನಿಮಿಷ ಇತ್ತು. ಬೇಲಿಯ ಹತ್ತಿರ ಹೋಗಿ ಹಲ್ಲು ಕಚ್ಚಿ ಕೇಳಿದೆ.

"ಚಾಚಾ, ನೀವು ಯಾರ ಕಡೆ?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಯಾಕ ಬೇಟಿ? ನಮ್ಮ ಮಾಲ್ ಅಲ್ಲೇನ ಅದು? ನೋಡಿಲ್ಲೋ, ಹೆಂಗ ಹೋತು!"

ಆ ಸಿಟ್ಟಿನಲ್ಲೇ ವೃತ್ತಕ್ಕೆ ಹೋದೆ. ಗುಂಡು ಅವಳ ಕೈಯಿಂದ ಇನ್ನೂ ಬೆಚ್ಚಗಿತ್ತು. ನನ್ನಲ್ಲಿದ್ದದ್ದನ್ನೆಲ್ಲ ಹಾಕಿ ಎಸೆದೆ. ಹನ್ನೊಂದು ಮೀಟರ್ ಐದು. ನಾನು ಜೀವನದಲ್ಲಿ ಎಸೆದ ಅತ್ಯಂತ ದೂರದ ಎಸೆತ ಅದು, ಮತ್ತು ಅವಳದಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆ. ಮೂರನೆಯ ಸ್ಥಾನ. ಜೆರ್ಸಿ ಹೋಯಿತು.

ಸ್ಟ್ಯಾಂಡಿನ ಹಿಂದೆ ಹೋಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಕೋಚ್ ಬಂದು ಗುಂಡನ್ನು ಯಾಕೆ ಕೊಟ್ಟೆ ಎಂದು ಬೈದು, ಮತ್ತೆ ಸಮಾಧಾನ ಮಾಡಿ ಹೋದರು. ಸ್ವಲ್ಪ ಹೊತ್ತಿಗೆ ಆ ಹುಡುಗಿ ಬಂದಳು. ಗುಂಡನ್ನು ತನ್ನ ಬಟ್ಟೆಯಿಂದ ಒರೆಸಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಎಲ್ಲಿ ಕೊಂಡದ್ದು ಎಂದು ಹಿಂದಿಯಲ್ಲಿ ಕೇಳಿದಳು. ನಾನೇ ಮಾಡಿದ್ದು ಎಂದೆ. ಅವಳು ನಂಬಲಿಲ್ಲ. ಪಕ್ಕದಲ್ಲಿ ನಿಂತಿದ್ದ ಚಾಚಾ ಹೌದೆಂದು ಸಾಕ್ಷಿ ಹೇಳಿದ ಮೇಲೆ ಗುಂಡನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, ತಂಡದ ಜೊತೆ ಹೋಗುವಾಗ ಇದನ್ನು ಒಯ್ಯಲೇ ಎಂದಳು.

ಚಾಚಾ ಗುಂಡನ್ನು ಅವಳ ಕೈಯಿಂದ ತೆಗೆದುಕೊಂಡು ಎಲ್ಲಾದರೂ ಪೆಟ್ಟಾಗಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿ ನನ್ನ ಕೈಗೆ ಕೊಟ್ಟರು. ತೀರ್ಮಾನ ನನ್ನದು ಎನ್ನುವ ಹಾಗೆ.

ನಾನು ಅದನ್ನು ಹಿಡಿದುಕೊಂಡೇ ಇದ್ದೆ. ಇನ್ನು ಮುಂದೆ ನನಗೆ ಎಸೆಯಲು ಕೂಟಗಳಿರಲಿಲ್ಲ. ಚಾಚಾ ಹೊಗಳಿದ ಮೊದಲನೆಯದರ ಹಾಗೆ ಇದೂ ಶೋಕೇಸಿಗೆ ಹೋಗುತ್ತಿತ್ತು. ಬೀಳಬೇಕಾದ ವಸ್ತು ಇದು, ಇಡಬೇಕಾದದ್ದಲ್ಲ. ಅವಳಿಗೆ ಕೊಟ್ಟೆ, ಒಂದು ಷರತ್ತು ಹಾಕಿದೆ: ಪ್ರತಿ ಸಲ ಎಲ್ಲಿ ಬಿತ್ತು ಎಂದು ನನಗೆ ಮೆಸೇಜ್ ಮಾಡಬೇಕು.

ಅವಳು ಮಾತು ಉಳಿಸಿಕೊಂಡಳು. ಮುಂದಿನ ತಿಂಗಳು ನಾನು ಗಾಳಾದಲ್ಲಿ ಪ್ರಾಜೆಕ್ಟಿನ ಕೆಲಸದಲ್ಲಿದ್ದಾಗ ಮೊದಲ ಮೆಸೇಜ್ ಬಂತು. ನನ್ನ ಜಾಗದಲ್ಲಿ ಅವಳು ನಿಂತಿದ್ದಾಳೆ ಎಂದು ಹೊಟ್ಟೆ ಉರಿಯಿತು, ಈಗಲೂ ಸ್ವಲ್ಪ ಉರಿಯುತ್ತದೆ. ಆದರೂ ಲೇಥ್ ನಿಲ್ಲಿಸಿದೆ. ಚಾಚಾನ ಲೇಥನ್ನೂ ನಿಲ್ಲಿಸಲು ಹೇಳಿದೆ. ಸದ್ದು ಪೂರ್ತಿ ಅಡಗಿದ ಮೇಲೆ, ನಮ್ಮ ಮಾಲು ಎಷ್ಟು ದೂರ ಹೋಯಿತು ಎಂದು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ.