ಬೆಲ್ಟಿನ ಮೇಲಿನ ಕೆಂಪು ಚುಕ್ಕೆ

“ಅಣ್ಣಾರ, ಟೈಮಿಂಗ್ ಬೆಲ್ಟ್ ಬಿರುಕು ಬಿಟ್ಟೈತ್ರಿ. ಹಿಂಗ ಉಡುಪಿಗೆ ಹೊಂಟ್ರ ಘಾಟಿನ್ಯಾಗ ಇಂಜಿನ್ನ ಹೋಗ್ತೈತಿ,” ಎಂದ ಕಲ್ಯಾಣದ ಹೊಸ ಮೆಕ್ಯಾನಿಕ್, ನನ್ನ ಕಾರಿನ ಬಾನೆಟ್ಟಿನೊಳಗೆ ಬಗ್ಗಿ.

“ಹೋದ ವರ್ಷವೇ ಭಿವಂಡಿಯಲ್ಲಿ ಬದಲಿಸಿದ್ದೇನೆ ಮಾರಾಯ, ಬೇರೆ ಗಿರಾಕಿ ನೋಡು,” ಎಂದೆ.

ಅವನು ಬೆಲ್ಟಿನ ಮೇಲೆ ಟಾರ್ಚ್ ಬಿಟ್ಟ. ಬಿರುಕುಗಳ ನಡುವೆ ಕೆಂಪು ಚುಕ್ಕೆಯೊಂದು ಕಂಡಿತು. ಯಾವ ಗ್ಯಾರೇಜನ್ನೂ ನಂಬದ ನಾನು ಭಿವಂಡಿಯಲ್ಲಿ ಹಳೆಯ ಬೆಲ್ಟಿಗೆ ಗುಟ್ಟಾಗಿ ಇಟ್ಟಿದ್ದ, ಹೆಂಡತಿಯ ನೇಲ್ ಪಾಲಿಶಿನ ಗುರುತು ಅದು. ಗುರುತಿಟ್ಟು ಚಹಾಕ್ಕೆ ಹೋದವನು ಬರುವಷ್ಟರಲ್ಲಿ ಕವರ್ ಮುಚ್ಚಿತ್ತು. ಹಳೆಯದನ್ನು ತೋರಿಸೆಂದು ಕೇಳದೆ ದುಡ್ಡು ಕೊಟ್ಟು ಬಂದಿದ್ದೆ; ಅವರು ಬದಲಿಸಿಯೇ ಇರಲಿಲ್ಲ.

ಈ ಸಲ ಚಹಾಕ್ಕೆ ಏಳದೆ, ಪಕ್ಕದಲ್ಲೇ ನಿಂತು ಹೊಸದನ್ನು ಹಾಕಿಸಿಕೊಂಡೆ. ಈ ಬೆಲ್ಟ್ ಹರಿಯುವ ಮೊದಲು ಸದ್ದು ಮಾಡಿ ಎಚ್ಚರಿಸುವುದು ಕಡಿಮೆ. ಕಾರಿನ ಪುಸ್ತಕ ಹೇಳುವ ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಆಗಲೇ ಬದಲಿಸಿ. ಹಳೆಯದನ್ನು ಕೈಗೆ ಇಸಿದುಕೊಂಡೇ ಹೊರಡಿ. ನನ್ನದು, ಚುಕ್ಕೆ ಸಮೇತ, ಈಗ ಡಿಕ್ಕಿಯಲ್ಲಿದೆ.