ಗಿರಣಿ ಓಡಿಸುವವಳಿಗೆ ಸೆನ್ಸರ್ ಯಾಕೆ?

ಡಾಕ್ಟರ ತೋಳಿನ ಮೇಲೆ ನಾನು ಅದನ್ನು ನಿಜಕ್ಕೂ ನೋಡಿದೆನಾ?

ನೋಡಿದೆ ಅಂತಲೇ ನೆನಪು. ಶೆಲ್ಫಿನಿಂದ ಏನೋ ತೆಗೆಯಲು ಅವರು ಕೈ ಎತ್ತಿದರು. ಅರ್ಧ ತೋಳಿನ ಅಂಗಿ ಮೇಲೆ ಸರಿಯಿತು. ತೋಳಿನ ಹಿಂಭಾಗದಲ್ಲಿ ನಾಣ್ಯದಂಥ ಒಂದು ಬಿಳಿ ಬಿಲ್ಲೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಿ ಕೆಳಗಿಳಿಯಿತು.

ಹೊರಗೆ ಬಂದ ಕೂಡಲೇ ನನ್ನ ಹೆಂಡತಿ ಸುಧಾಗೆ ಹೇಳಿದೆ. ಅವಳೂ ಒಳಗೇ ಇದ್ದಳು, ಅವಳಿಗೇನೂ ಕಂಡಿಲ್ಲ. "ನೀವು ವಾರದಿಂದ ಅದನ್ನೇ ಧ್ಯಾನ ಮಾಡ್ತಾ ಇದ್ರಿ. ಗೋಡೆ ಮೇಲೆ ಹಲ್ಲಿ ಕಂಡಿದ್ರೂ ಸೆನ್ಸರ್ ಅಂತಿದ್ರಿ."

ಇರಬಹುದು. ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಇತ್ತೀಚೆಗೆ ಆ ಪಟ್ಟಿಗೆ ನನ್ನನ್ನೂ ಸೇರಿಸಿಕೊಂಡಿದ್ದೇನೆ.

ವಿಷಯ ನನ್ನ ಅಕ್ಕ ಗಿರಿಜಕ್ಕನದು. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ಅವಳದೊಂದು ಹಿಟ್ಟಿನ ಗಿರಣಿ ಇದೆ. ಸಕ್ಕರೆ ಕಾಯಿಲೆ ಹಳೆಯದು, ಇನ್ಸುಲಿನ್ನೂ ಹಳೆಯದು. ಶುಗರ್ ಏರುವುದಷ್ಟೇ ಆಗಿದ್ದರೆ ನಾನು ಈ ವಾರದ ಅಂಕಣದಲ್ಲಿ ಬೇರೇನೋ ಬರೆಯುತ್ತಿದ್ದೆ. ಅವಳಿಗೆ ಶುಗರ್ ಇಳಿಯುತ್ತದೆ. ಮೊದಲೆಲ್ಲ ಇಳಿಯುವಾಗ ಕೈ ನಡುಗಿ, ಎದೆ ಹೊಡೆದುಕೊಂಡು ತಿಳಿಯುತ್ತಿತ್ತು. ಈಗ ಆ ಸೂಚನೆಗಳೇ ಬರುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಲೆ ಮಂಕಾಗಿರುತ್ತದೆ.

ಹೋದ ತಿಂಗಳು ರಾಗಿ ಬೀಸಿಸಲು ಬಂದ ಹೆಂಗಸೊಬ್ಬಳು ನೋಡುತ್ತಾಳೆ: ಅಕ್ಕ ಬೆವರಿನಲ್ಲಿ ತೊಯ್ದು ನಿಂತಿದ್ದಾಳೆ. ಕಣ್ಣು ತೆರೆದೇ ಇದೆ, ಮಾತಿಲ್ಲ. ಸೆರಗು ಓಡುವ ಬೆಲ್ಟಿನ ಪಕ್ಕದಲ್ಲಿ ತೂಗಾಡುತ್ತಿದೆ. ಆಕೆ ಸ್ವಿಚ್ ಆರಿಸಿ, ಅಕ್ಕನನ್ನು ಎಳೆದು ಕೂರಿಸಿ, ಬಾಯಿಗೆ ಸಕ್ಕರೆ ಹಾಕಿದಳು.

"ಸ್ವಲ್ಪ ಮಂಪರು ಬಂದಿತ್ತು ಕಣೋ," ಅಂದಳು ಅಕ್ಕ ಫೋನಿನಲ್ಲಿ. ಮಂಪರಂತೆ!

ಈಗ ಸೆನ್ಸರ್ ಬಂದಿವೆಯಲ್ಲ, ತೋಳಿಗೆ ಅಂಟಿಸುವಂಥವು. ಹಗಲೂ ರಾತ್ರಿ ಶುಗರ್ ನೋಡುತ್ತಿರುತ್ತವೆ, ಇಳಿದರೆ ಮೊಬೈಲಿನಲ್ಲಿ ಕೂಗುತ್ತವೆ. (ಗಿರಣಿಯ ಸದ್ದಿನಲ್ಲಿ ಕೇಳುತ್ತಾ ಅನ್ನಬೇಡಿ. ಅದು ಮನೆಯಲ್ಲಿರುವ ಅವಳ ಸೊಸೆಯ ಫೋನಿಗೂ ಬರುತ್ತದೆ.) ಇದನ್ನು ಹಾಕಿಕೋ ಎಂದೆ.

"ಡಾಕ್ಟ್ರು ಬರೆದ್ರೆ ಹಾಕ್ಕಂತೀನಿ. ನೀ ಹೇಳಿದ್ರೆ ಹಾಕ್ಕಣಾಕೆ ನೀ ಡಾಕ್ಟ್ರೇನು?"

ಅಲ್ಲ. ನಾನು ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಅವಳ ದೃಷ್ಟಿಯಲ್ಲಿ ಅದು ಯಾವ ಕಾಯಿಲೆಗೂ ಆಗದ ಡಿಗ್ರಿ.

ಸರಿ, ನಾನು ಸುಧಾಳೊಂದಿಗೆ ಹೊನ್ನಾಳಿಯಿಂದ ಹೊರಟು, ಅಕ್ಕನನ್ನು ಕರೆದುಕೊಂಡು ದಾವಣಗೆರೆಯ ಖಾಸಗಿ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ರಿಪೋರ್ಟ್ ನೋಡಿದರು. ಮೂರು ತಿಂಗಳ ಸರಾಸರಿ. "ವೆರಿ ಗುಡ್! ಗಿರಿಜಮ್ಮ, ನೀವು ಬೇರೆಯವರಿಗೆ ಪಾಠ ಹೇಳಬೇಕು." ನಾನು ಸೆನ್ಸರ್ ಮಾತೆತ್ತಿದೆ. ಅವರು ನಕ್ಕರು.

"ಅದೆಲ್ಲ ಕಂಪನಿಯವರ ಮಾರ್ಕೆಟಿಂಗ್. ಗಿರಣಿ ನಡೆಸೋರಿಗೆ ಸೆನ್ಸರ್ ಯಾಕೆ? ಆ ಗ್ರಾಫ್ ಎಲ್ಲಾ ಇವರಿಗೆ ಅರ್ಥ ಆಗುತ್ತಾ? ಬೆರಳು ಚುಚ್ಚಿ ನೋಡ್ಕೊಂಡ್ರೆ ಸಾಕು."

ಅವರು ಶೆಲ್ಫಿಗೆ ಕೈ ಎತ್ತಿದ್ದು ಇದನ್ನು ಹೇಳಿದ ಮೇಲೆಯೇ. ನನ್ನ ಸಿಟ್ಟು ಅಲ್ಲಿಂದ ಶುರು. ಇನ್ನೂ ಇಳಿದಿಲ್ಲ.

ಸರಾಸರಿಯ ಬಗ್ಗೆ ನನ್ನ ಮುಂದೆ ಮಾತಾಡುತ್ತೀರಾ ಸ್ವಾಮಿ? ಆಗುಂಬೆಯ ಮಳೆ, ಬರದ ಸೀಮೆ ಜಗಳೂರಿನ ಮಳೆ ಎರಡನ್ನೂ ಕೂಡಿಸಿ ಅರ್ಧ ಮಾಡಿ. ಆಮೇಲೆ ಜಗಳೂರು ಪಕ್ಕದ ಬಿಳಿಚೋಡಿನ ಕುರಿಗಾಹಿಯನ್ನು ನಿಲ್ಲಿಸಿ "ಈ ವರ್ಷ ನಿಮಗೂ ಮಳೆ ವೆರಿ ಗುಡ್" ಅನ್ನಿ. ಅವನು ಕೈಯಲ್ಲಿದ್ದ ಕೋಲನ್ನು ಯಾವುದಕ್ಕೆ ಬಳಸುತ್ತಾನೋ ನಾನು ಹೇಳಲಾರೆ. ಅಕ್ಕನ ಶುಗರ್ ಊಟವಾದ ಮೇಲೆ ಏರುತ್ತದೆ, ಗಿರಣಿಯಲ್ಲಿ ನಿಂತಾಗ ಪಾತಾಳಕ್ಕಿಳಿಯುತ್ತದೆ. ಎರಡೂ ಸೇರಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಅವಳನ್ನು ಬೆಲ್ಟಿನ ಹತ್ತಿರ ತಳ್ಳುತ್ತಿರುವ ಆ ಇಳಿತವೇ ಅವಳಿಗೆ ಶಹಬ್ಬಾಸ್‌ಗಿರಿ ಕೊಡಿಸುತ್ತಿದೆ!

ಸೆನ್ಸರ್ ಅಗ್ಗವಲ್ಲ, ಒಪ್ಪುತ್ತೇನೆ. ಕೊಳ್ಳುವುದು ಬಿಡುವುದು ಅಕ್ಕನ ಇಷ್ಟ. ಅವಳ ಸೆರಗಿಗೆ ಮೆತ್ತಿದ ಹಿಟ್ಟು ನೋಡಿ ಡಾಕ್ಟರು ಅದನ್ನು ತೀರ್ಮಾನಿಸಬೇಕೇ?

ಊರಿಗೆ ಬಂದು ಕಂಡಕಂಡವರಿಗೆ ಹೇಳಿದೆ. "ಶುಗರ್ ಇಳಿಯುತ್ತಾ ಅಂತ ಒಂದು ಮಾತು ಕೇಳಲಿಲ್ಲ ಆ ಮನುಷ್ಯ!" ಮೂರನೆಯವರಿಗೆ ಹೇಳುವಾಗ ಸುಧಾ ತಡೆದಳು. "ಕೇಳಿದ್ರು. ಬೆವರು, ಸುಸ್ತು, ತಲೆಸುತ್ತು ಏನಾದ್ರೂ ಇದೆಯಾ ಅಂದ್ರು. ಅತ್ತಿಗೆ 'ಏನಿಲ್ರೀ, ಆರಾಮದೀನಿ' ಅಂದ್ರು. ನೀವು ಪಕ್ಕದಲ್ಲೇ ಕೂತಿದ್ರಿ."

ನನಗೆ ಆ ಮಾತು ನೆನಪೇ ಇಲ್ಲ! ಅಕ್ಕನಿಗೆ ಫೋನ್ ಮಾಡಿದೆ. ಹೌದಂತೆ.

"ಯಾಕೆ ಹಂಗಂದೆ?"

"ಮತ್ತೇನು ಅನ್ಲಿ? ಡಾಕ್ಟ್ರ ಮುಂದೆ ಆರಾಮಿಲ್ಲ ಅಂದ್ರೆ ಅವರ ಔಷಧಿಗೆ ಬೈದಂಗೆ ಆಗಲ್ವೇನೋ? ಪಾಪ, ಅಷ್ಟು ಓದಿದೋರು."

ಇದು ನಮ್ಮ ಕಡೆಯ ರೂಢಿ. ಬಸ್ಸಿನಲ್ಲಿ ಕೇಳಿದರೂ ಆರಾಮ, ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಮಲಗಿದವರನ್ನು ಕೇಳಿದರೂ ಆರಾಮ. ನ್ಯಾಮತಿ, ಜಗಳೂರು, ಹೊನ್ನಾಳಿ ಬಸ್ಸಿಳಿದು ಬಂದು ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರೆಲ್ಲ ಒಳಗೆ ಹೋಗಿ ಹೇಳುವುದು ಇದನ್ನೇ. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ಡಾಕ್ಟರಿಗೆ ಆ ಮಾತಿನ ತೂಕ ಗೊತ್ತಿರಬೇಡವೇ?

ಕೇಳಿದ್ದನ್ನೇ ನಾನು ಮರೆತಿರುವಾಗ, ಅವರ ತೋಳಿನ ಬಿಲ್ಲೆ ಕಂಡದ್ದು ಮಾತ್ರ ನಿಜ ಅನ್ನುವುದು ಹೇಗೆ? ಸಿಟ್ಟು ಬಂದವನ ನೆನಪಿಗೆ ಬೇಕಾದ್ದೆಲ್ಲ ಕಾಣುತ್ತದೆ.

ಮತ್ತೆ ಹೋದೆವು. ದಾರಿಯುದ್ದಕ್ಕೂ ಅಕ್ಕನಿಗೆ ಪಾಠ: ಆರಾಮ ಅನ್ನಬೇಡ, ಗಿರಣಿಯಲ್ಲಿ ಆದದ್ದನ್ನು ಹೇಳು. ತಲೆಯಾಡಿಸಿದಳು. ಒಳಗೆ ಹೋದೆವು. ಡಾಕ್ಟರು "ಹೇಗಿದ್ದೀರಿ ಗಿರಿಜಮ್ಮ?" ಅಂದರು.

"ಆರಾಮದೀನ್ರೀ ಸಾರ್!"

ನಾನು ಹಣೆ ಹಿಡಿದುಕೊಂಡೆ. ಸುಧಾ ಬೆಲ್ಟಿನ ಕಥೆ ಹೇಳಿದಳು. ಡಾಕ್ಟರು ಪೆನ್ನು ತಿರುಗಿಸುತ್ತ "ಇನ್ಸುಲಿನ್ ಸ್ವಲ್ಪ ಕಮ್ಮಿ ಮಾಡೋಣ, ನೋಡೋಣ" ಅನ್ನುತ್ತಿದ್ದರು. ಅಕ್ಕ ಅವರ ತೋಳನ್ನೇ ನೋಡುತ್ತಿದ್ದಳು.

"ಸಾರ್, ನಿಮ್ಮ ತೋಳಿಗೇನೋ ಐತಂತೆ. ನಮ್ಮ ತಮ್ಮ ಹೇಳ್ತಿದ್ದ. ಹೌದೇನ್ರೀ?"

ಭೂಮಿ ಬಾಯಿ ಬಿಡಲಿಲ್ಲ, ನಾನು ಕುರ್ಚಿಯಲ್ಲೇ ಇದ್ದೆ. ಡಾಕ್ಟರು ಪೆನ್ನು ಕೆಳಗಿಟ್ಟು ಅಂಗಿ ತೋಳು ಸರಿಸಿದರು. ಬಿಳಿ ಬಿಲ್ಲೆ.

"ನನಗೂ ಶುಗರ್ ಇದೆಯಮ್ಮ, ಇನ್ಸುಲಿನ್ ತಗೋತೀನಿ. ಆದರೆ ನನ್ನ ವಿಷಯ ಬೇರೆ. ದಿನಾ ಕಾರ್ ಓಡಿಸ್ತೀನಿ. ದಾರೀಲಿ ಶುಗರ್ ಇಳಿದ್ರೆ?"

"ನಾನೂ ಗಿರಣಿ ಓಡಿಸ್ತೀನ್ರೀ," ಅಂದಳು ಅಕ್ಕ. ಮುಖದಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ಆಮೇಲೆ ನಮ್ಮ ಊರಿನ ಮರ್ಯಾದೆಗೆ ತಕ್ಕಂತೆ ಕೇಳಿದಳು, "ಈಗ ಆರಾಮದೀರಾ ಸಾರ್?"

"ಆರಾಮ," ಅಂದರು ಡಾಕ್ಟರು. ಚೀಟಿ ಎಳೆದುಕೊಂಡು ಬರೆದರು.

ಈಗ ಅಕ್ಕನ ತೋಳಿನಲ್ಲಿ ಸೆನ್ಸರ್ ಇದೆ. ಅದು ಕೂಗುತ್ತದೆ, ಸೊಸೆ ಓಡುತ್ತಾಳೆ, ಅಕ್ಕ ಗಿರಣಿ ನಿಲ್ಲಿಸಿ ಬೆಲ್ಲ ತಿಂದು ಯಂತ್ರಕ್ಕೊಂದು ಬೈಗುಳ ಬೈಯುತ್ತಾಳೆ. ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿದಿಲ್ಲ, ಕಾರಣ ಕ್ಲಿನಿಕ್ಕಿನ ಕೆಳಗಿನ ಔಷಧಿ ಅಂಗಡಿ. ಅಂದು ಚೀಟಿ ಕೊಟ್ಟಾಗ ಅಂಗಡಿಯಾತ "ಓ, ಪೇಷಂಟ್‌ಗಳಿಗೂ ಬರೆಯಾಕೆ ಶುರು ಮಾಡಿದ್ರಾ?" ಅಂದಂತೆ ನೆನಪು. ಅಂದನೋ, ನನ್ನ ಸಿಟ್ಟೇ ಹಾಗೆ ಕೇಳಿಸಿಕೊಂಡಿತೋ?

ಹಾಗಾಗಿ ಎರಡು ವಾರಕ್ಕೆ ಮೊದಲಿನದರ ಆಯಸ್ಸು ಮುಗಿದು ಮುಂದಿನ ಸೆನ್ಸರ್ ಕೊಳ್ಳಲು ಹೋದಾಗ, ಸುಧಾಳನ್ನು ಸಾಕ್ಷಿಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು, ಅಂದು ಹಾಗಂದದ್ದು ನಿಜವೇ ಎಂದು ನೇರವಾಗಿ ಕೇಳಿದೆ. "ಹೌದು ಸಾರ್," ಅಂದ. "ನಿಮ್ಮಕ್ಕಾರಿಗೆ ಬರೆಯೋವರೆಗೂ ನಾವು ಇದನ್ನ ತರಿಸ್ತಿದ್ದಿದ್ದು ಡಾಕ್ಟ್ರು ಒಬ್ರಿಗೇ."