ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆಷ್ಟು?

ಬೀದಿಯವರೆಲ್ಲ ಅವರನ್ನು ತ್ರೈರಾಶಿ ಮಾವ ಎಂದೇ ಕರೆಯುವುದು. "ಇಷ್ಟಕ್ಕೆ ಇಷ್ಟಾದ್ರೆ ಅಷ್ಟಕ್ಕೆಷ್ಟು?" ಎಂದು ಕೇಳದೆ ಅವರಿಗೆ ಬೆಳಗಾಗುವುದಿಲ್ಲ. ನಲ್ಲಿಯಡಿ ಚೊಂಬಿಟ್ಟು, ಅದು ತುಂಬಿದ ಹೊತ್ತು ನೋಡಿ, ಡ್ರಮ್ಮು ಯಾವಾಗ ತುಂಬುತ್ತದೆಂದು ಮನೆಗೆಲ್ಲ ಸಾರುತ್ತಾರೆ, ಹೇಳಿದ ಗಳಿಗೆಗೇ ನೀರು ಅಂಚು ಮುಟ್ಟಿದರೆ "ನೋಡಿದ್ಯಾ, ನೋಡಿದ್ಯಾ!" ಎಂದು ಕುಣಿದಾಡಿ, ನಲ್ಲಿ ನಿಲ್ಲಿಸುವುದನ್ನೇ ಮರೆಯುತ್ತಾರೆ. ನೆಲ ಒರೆಸುವ ಕೆಲಸ ಅವರ ಹೆಂಡತಿಗೆ, ಅಂದರೆ ಬೀದಿಗೆಲ್ಲ ಅತ್ತೆಯಾದವರಿಗೆ. ನಾಲ್ಕು ಜನರ ಅನ್ನಕ್ಕೆ ಇಪ್ಪತ್ತು ನಿಮಿಷವಾದರೆ ಹನ್ನೆರಡು ಜನರ ಅನ್ನಕ್ಕೆ ಒಂದು ಗಂಟೆ ಎಂದು ಒಲೆಯ ಮುಂದೆ ಕಾವಲು ಕೂತು, ನೆಂಟರಿಗೆಲ್ಲ ಸೀದ ಅನ್ನ ಬಡಿಸಿದ ದಿನವೂ ಮಾವನ ಹುಮ್ಮಸ್ಸು ಎಳ್ಳಷ್ಟೂ ಇಳಿಯಲಿಲ್ಲ: "ಲೆಕ್ಕ ಸರಿಯಾಗೇ ಇತ್ತು, ಅಕ್ಕಿಗೆ ಗೊತ್ತಾಗ್ಲಿಲ್ಲ!" ಅತ್ತೆಗೆ ಮಂಡಿ ನೋವು ಬಂದಾಗಲೂ ಲೆಕ್ಕವೇ. ಸಂಜೆ ಅವರೊಡನೆ ನಡೆಯಲು ಹೊರಟ ಮಾವ ತಿರುವಿನಲ್ಲಿ ಗಕ್ಕನೆ ನಿಂತು, "ನನ್ನ ಒಂದು ಹೆಜ್ಜೆಗೆ ನಿನ್ನದು ಎರಡು ಕಣೇ! ಅಂದ್ರೆ ನಾನು ಅರ್ಧರ್ಧ ಹೆಜ್ಜೆ ಹಾಕಿದ್ರೆ ಇಬ್ರೂ ಸಮ!" ಎಂದು ನಿಧಿ ಸಿಕ್ಕವರಂತೆ ಕೂಗಿದರು. ಅಂದಿನಿಂದ ಆ ಉದ್ದಕಾಲಿನ ಮನುಷ್ಯ, ಕಾಲಿಗೆ ಹಗ್ಗ ಕಟ್ಟಿದ ಹಾಗೆ ಪುಟ್ಟ ಪುಟ್ಟ ಹೆಜ್ಜೆಯಿಡುತ್ತ, ದಾರಿಯುದ್ದಕ್ಕೂ ಹರಟುತ್ತ, ಹೆಂಡತಿಯ ಪಕ್ಕದಲ್ಲೇ ನಡೆಯುತ್ತಾರೆ. ಅದಕ್ಕೆ ಮುಂಚೆ, ಮದುವೆಯಾದಾಗಿನಿಂದ, ಸಂಜೆಯ ನಡಿಗೆಯಲ್ಲಿ ಅತ್ತೆ ಕಂಡದ್ದು ಗಂಡನ ಬೆನ್ನನ್ನು ಮಾತ್ರ. ಮಂಡಿ ಈಗ ಪೂರ್ತಿ ವಾಸಿಯಾಗಿದೆ. ಮಾವ ಮನೆಯಲ್ಲಿಲ್ಲದಾಗ ಅತ್ತೆ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಾರೆ. ಸಂಜೆಯಾಗಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದರೆ ಸಾಕು, ಕುಂಟತೊಡಗುತ್ತಾರೆ: "ನಿಧಾನ ರೀ, ಮಂಡಿ..."